ಮಗು ನೆಲಕ್ಕೆ ಬಿದ್ದು ಕಿರುಚುವಾಗ ಮೊದಲು ಏನು ಮಾಡಬೇಕು?

ಪ್ರಶ್ನೆ: ನಮ್ಮ ಮಗನಿಗೆ ಏಳು ವರ್ಷ. ಆಟಿಸಂ ಇದೆ ಅಂತ ಡಾಕ್ಟರು ಹೇಳಿದ್ದಾರೆ, ಮಾತು ಕಡಿಮೆ. ಮದುವೆ ಮನೆ, ಜಾತ್ರೆ, ಚಿಂತಾಮಣಿ ಬಸ್‌ಸ್ಟ್ಯಾಂಡ್, ಎಲ್ಲಿ ಜನ ಸೇರಿದರೂ ನೆಲಕ್ಕೆ ಬಿದ್ದು ಕಿರುಚಿ ತಲೆ ಚಚ್ಚಿಕೊಳ್ಳುತ್ತಾನೆ. ಒಮ್ಮೊಮ್ಮೆ ಮನೆಯಲ್ಲೂ ಹೀಗೇ. ಇದು ಬರೀ ಹಟ, ಎರಡು ಬಿಟ್ಟರೆ ಸರಿಹೋಗುತ್ತದೆ ಅನ್ನುತ್ತಾರೆ ನಮ್ಮ ಅತ್ತೆ ಮಾವ. ಆ ಹೊತ್ತಿನಲ್ಲಿ ನಾವು ಏನು ಮಾಡಬೇಕು?

ಉತ್ತರ: ಕೇಳಿದ್ದು ಕೈಗೆ ಬಂದ ಕೂಡಲೇ ಹಟ ನಿಲ್ಲುತ್ತದೆ. ಹಟ ಮಾಡುವ ಮಗು ಅಳುತ್ತಲೇ ಓರೆಗಣ್ಣಿನಲ್ಲಿ ನಿಮ್ಮ ಮುಖ ನೋಡುತ್ತದೆ, ಯಾರೂ ಗಮನಿಸದಿದ್ದರೆ ದನಿ ಇಳಿಸುತ್ತದೆ, ತನಗೆ ಪೆಟ್ಟಾಗದ ಹಾಗೆ ಬೀಳುತ್ತದೆ. ಮೆಲ್ಟ್‌ಡೌನ್ ಬೇರೆ, ಅಂದರೆ ಹೊರೆ ತಡೆಯಲಾಗದೆ ಮಗು ತನ್ನ ಮೇಲಿನ ಹಿಡಿತವನ್ನೇ ಕಳೆದುಕೊಳ್ಳುವುದು. ಆಗ ಚಾಕಲೇಟ್ ಕೊಟ್ಟರೂ ಬೇಡ, ಫೋನ್ ಕೊಟ್ಟರೂ ಬೇಡ. ಸದ್ದು, ಬೆಳಕು, ವಾಸನೆ, ನೂಕುನುಗ್ಗಲು, ಅಂದುಕೊಂಡದ್ದು ಬದಲಾದದ್ದು ಎಲ್ಲ ಸೇರಿ ತಡೆಯಲಾಗದ ಮಟ್ಟಕ್ಕೆ ಹೋಗಿರುತ್ತದೆ. ಆಗ ಹೊಡೆದರೆ ಆ ಹೊರೆಗೆ ನೋವೂ ಭಯವೂ ಸೇರುತ್ತವೆ, ಅಷ್ಟೇ. ಹಟದಿಂದ ಶುರುವಾಗಿ ಮೆಲ್ಟ್‌ಡೌನ್‌ಗೆ ಜಾರುವುದೂ ಉಂಟು. ಯಾವುದೆಂದು ತಿಳಿಯದಿದ್ದರೆ ಮೆಲ್ಟ್‌ಡೌನ್ ಎಂದೇ ತಿಳಿದು ನಡೆದುಕೊಳ್ಳಿ.

ಆ ಹೊತ್ತಿನ ಮೊದಲ ಕೆಲಸ ಪೆಟ್ಟು ತಪ್ಪಿಸುವುದು. ತಲೆಗೂ ನೆಲಕ್ಕೂ ನಡುವೆ ಮಡಿಸಿದ ಟವೆಲ್ಲು, ಬ್ಯಾಗು, ದುಪಟ್ಟಾ, ಏನೂ ಸಿಗದಿದ್ದರೆ ನಿಮ್ಮ ಅಂಗೈ ಇಡಿ. ಹತ್ತಿರದ ಕುರ್ಚಿ, ಗಾಜಿನ ಲೋಟ, ಬಿಸಿ ಸಾಂಬಾರಿನ ಬಕೆಟ್ಟು ದೂರ ಸರಿಸಿ. ರಸ್ತೆ, ಮೆಟ್ಟಿಲು, ಬಾವಿಯಂಥ ಅಪಾಯ ಪಕ್ಕದಲ್ಲಿದ್ದರೆ ಮಾತ್ರ ಎತ್ತಿಕೊಂಡು ಹೋಗಿ. ಉಳಿದ ಕಡೆ ಬಿದ್ದಲ್ಲೇ ಇರಲಿ. ಬೋರಲು ಹಾಕಿ ಅದುಮುವುದು, ಎದೆಯ ಮೇಲೆ ಅಥವಾ ಬೆನ್ನ ಮೇಲೆ ಭಾರ ಬಿಟ್ಟು ಹಿಡಿಯುವುದು ಎಂದೂ ಕೂಡದು, ಉಸಿರು ಕಟ್ಟುತ್ತದೆ.

ನಿಮ್ಮ ಜಡೆಯನ್ನೇ ಹಿಡಿದು ಎಳೆಯುತ್ತಿದ್ದಾನೆ ಎನ್ನಿ. ಸಹಜವಾಗಿ ನಾವು ತಲೆ ಹಿಂದಕ್ಕೆ ಎಳೆದುಕೊಳ್ಳುತ್ತೇವೆ, ಕೂದಲು ಕಿತ್ತು ಬರುತ್ತದೆ, ಅವನ ಹಿಡಿತ ಇನ್ನೂ ಬಿಗಿಯಾಗುತ್ತದೆ. ಬದಲಿಗೆ ಅವನ ಮುಷ್ಟಿಯ ಮೇಲೆ ನಿಮ್ಮ ಎರಡೂ ಕೈ ಇಟ್ಟು, ಆ ಮುಷ್ಟಿಯನ್ನು ನಿಮ್ಮ ತಲೆಗೇ ಒತ್ತಿ ಹಿಡಿಯಿರಿ. ಎಳೆತ ನಿಂತರೆ ನೋವೂ ನಿಲ್ಲುತ್ತದೆ. ಹಾಗೇ ಸುಮ್ಮನಿದ್ದರೆ ಸ್ವಲ್ಪ ಹೊತ್ತಿಗೆ ಬೆರಳು ತಾನಾಗಿ ಸಡಿಲವಾಗುತ್ತದೆ.

ಎರಡನೆಯದು, ಮಾತು ನಿಲ್ಲಿಸುವುದು. ನಮ್ಮ ಮನೆಗಳಲ್ಲಿ ಅತಿ ಕಷ್ಟದ ಕೆಲಸ ಇದೇ. ಮಗು ಕಿರುಚಿತು ಅಂದರೆ ಅಜ್ಜಿ ದೃಷ್ಟಿ ತೆಗೆಯಲು ಹೊರಡುತ್ತಾರೆ, ತಾತ ಗದರುತ್ತಾರೆ, ಚಿಕ್ಕಪ್ಪ ಫೋನ್ ತೋರಿಸುತ್ತಾರೆ, ಅತ್ತೆ ನೀರು ಚಿಮುಕಿಸುತ್ತಾರೆ, ಪಕ್ಕದ ಮನೆಯವರು ‘ಏನಾಯ್ತಪ್ಪಾ ಕಂದ’ ಅಂತ ಬರುತ್ತಾರೆ. ಎಲ್ಲರದೂ ಪ್ರೀತಿಯೇ. ಮಗುವಿನ ಕಿವಿಗೆ ಮಾತ್ರ ಅದು ಐದು ಜನರ ಗದ್ದಲ. ಮನೆಯವರನ್ನು ಶಾಂತವಾದ ಒಂದು ದಿನ ಕೂರಿಸಿಕೊಂಡು ತೀರ್ಮಾನ ಮಾಡಿ: ಮೆಲ್ಟ್‌ಡೌನ್ ಆದಾಗ ಹತ್ತಿರ ಇರುವವರು ಒಬ್ಬರೇ. ಎರಡನೆಯವರ ಕೆಲಸ ಟಿವಿ, ಮಿಕ್ಸಿ ಆರಿಸುವುದು, ಟ್ಯೂಬ್‌ಲೈಟ್ ಆರಿಸುವುದು, ಜನರನ್ನು ಹೊರಗೆ ಕಳಿಸುವುದು. ಮಿಕ್ಕವರು ಬೇರೆ ಕೋಣೆಗೆ. ತಾತನಿಗೆ ಬಾಗಿಲು ಕಾಯುವ ಕೆಲಸ ಕೊಡಿ. ಕೈಯಲ್ಲಿ ಕೆಲಸವಿದ್ದರೆ ಗದರುವುದು ಕಡಿಮೆಯಾಗುತ್ತದೆ.

ಹತ್ತಿರ ಇರುವವರು ಕೈಗೆ ಸಿಗದಷ್ಟು ದೂರದಲ್ಲಿ, ನೆಲದ ಮೇಲೆ, ಸ್ವಲ್ಪ ಪಕ್ಕಕ್ಕೆ ತಿರುಗಿ ಕೂರಲಿ. ಕಣ್ಣಲ್ಲಿ ಕಣ್ಣಿಟ್ಟು ನೋಡಬೇಡಿ. ಹೇಳುವುದಿದ್ದರೆ ‘ಅಮ್ಮ ಇಲ್ಲೇ ಇದೀನಿ’ ಅಷ್ಟೇ, ಒಂದೇ ಸಲ, ತಗ್ಗಿದ ದನಿಯಲ್ಲಿ. ಮತ್ತೆ ಹೇಳಬೇಕೆನಿಸಿದರೆ ಮನಸ್ಸಿನಲ್ಲೇ ಹದಿನೈದರವರೆಗೆ ಎಣಿಸಿ. ಚಿಂತಾಮಣಿ, ಬಾಗೇಪಲ್ಲಿ ಕಡೆಯ ಎಷ್ಟೋ ಮನೆಗಳಲ್ಲಿ ಆಡುವುದು ತೆಲುಗು, ಶಾಲೆಯಲ್ಲಿ ಕನ್ನಡ, ಥೆರಪಿಯಲ್ಲಿ ಇಂಗ್ಲಿಷು. ಈ ಹೊತ್ತಿನಲ್ಲಿ ಮಗುವಿಗೆ ಹಾಲು ಕುಡಿಯುವಾಗಿನಿಂದ ಕೇಳಿ ಗೊತ್ತಿರುವ ಭಾಷೆ ಒಂದೇ ಸಾಕು. ಮುಟ್ಟಬೇಕೋ ಬೇಡವೋ ಎಂಬುದಕ್ಕೆ ಎಲ್ಲ ಮಕ್ಕಳಿಗೂ ಒಂದೇ ಉತ್ತರವಿಲ್ಲ. ಬಿಗಿಯಾಗಿ ತಬ್ಬಿದರೆ ಕೆಲವರು ಸಮಾಧಾನವಾಗುತ್ತಾರೆ, ಕೆಲವರಿಗೆ ಬೆರಳು ತಾಗಿದರೂ ಉರಿ. ಅವನು ಶಾಂತವಾಗಿರುವಾಗ ಯಾವ ಸ್ಪರ್ಶ ಹುಡುಕಿಕೊಂಡು ಬರುತ್ತಾನೆ ನೋಡಿ, ಗೊತ್ತಾಗುತ್ತದೆ.

ಐದು ನಿಮಿಷಕ್ಕೆ ಮುಗಿಯಬಹುದು, ಮುಕ್ಕಾಲು ಗಂಟೆಯೂ ಹಿಡಿಯಬಹುದು. ಅಳು ನಿಂತ ಕೂಡಲೇ ಎಲ್ಲ ಮುಗಿಯಿತು ಅಂದುಕೊಂಡು ಮತ್ತೆ ಮಂಟಪದೊಳಗೆ ಕರೆದೊಯ್ಯುವುದು ಬಹಳ ಜನ ಮಾಡುವ ಎಡವಟ್ಟು. ದೇಹ ಇನ್ನೂ ಇಳಿದಿರುವುದಿಲ್ಲ, ಚಿಕ್ಕ ಸದ್ದಿಗೆ ಎರಡನೆಯದು ಶುರುವಾಗುತ್ತದೆ. ಕಡೇ ಪಕ್ಷ ಅರ್ಧ ಗಂಟೆ ಯಾವ ಬೇಡಿಕೆಯೂ ಬೇಡ. ನೀರು, ಗೊತ್ತಿರುವ ತಿಂಡಿ, ನಿದ್ದೆ ಬಂದರೆ ನಿದ್ದೆ. ‘ಯಾಕೋ ಹಂಗ್ ಮಾಡ್ದೆ’ ಅಂತ ಕೇಳಬೇಡಿ. ಕಾರಣ ಅವನಿಗೂ ಹೇಳಲು ಬಾರದು.

ಇಷ್ಟೆಲ್ಲ ಹೇಳಿದ ಮೇಲೂ ಒಂದು ಮಾತು: ಶುರುವಾದ ಮೇಲೆ ನಿಮ್ಮ ಕೈಯಲ್ಲಿರುವುದು ಕಡಿಮೆ. ನಿಜವಾದ ಕೆಲಸ ಇರುವುದು ಅದಕ್ಕೆ ಮುಂಚಿನ ಹತ್ತು ನಿಮಿಷದಲ್ಲಿ. ಪ್ರತಿ ಮಗುವಿಗೂ ತನ್ನದೇ ಸೂಚನೆಗಳಿರುತ್ತವೆ: ಕಿವಿ ಮುಚ್ಚಿಕೊಳ್ಳುವುದು, ಅಂಗಿಯ ಕಾಲರ್ ಕಚ್ಚುವುದು, ಅದೇ ಪದ ಮತ್ತೆ ಮತ್ತೆ ಹೇಳುವುದು, ಕಿವಿ ಕೆಂಪಾಗುವುದು, ಬಾಗಿಲ ಕಡೆಗೇ ಓಡಾಡುವುದು. ಆಗಲೇ ಎದ್ದು ಹೊರಟರೆ ಎಷ್ಟೋ ಸಲ ತಪ್ಪಿಸಬಹುದು. ಮೊಬೈಲ್ ಕೊಡುವ ಅಭ್ಯಾಸವಿದ್ದರೆ ಕೊಡಬೇಕಾದ್ದೂ ಆಗಲೇ. ಕಿರುಚಿದ ಮೇಲೆ ಕೊಟ್ಟರೆ ಕಿರುಚಿದರೆ ಮೊಬೈಲ್ ಸಿಗುತ್ತದೆ ಎಂದು ಕಲಿಯುತ್ತಾನೆ.

ಈ ಸೂಚನೆಗಳನ್ನೂ ಕಾರಣಗಳನ್ನೂ ಹಿಡಿಯಲು ಒಂದು ಹಳೆಯ ನೋಟ್‌ಬುಕ್ ಸಾಕು. ಎರಡು ವಾರ, ಆದಾಗಲೆಲ್ಲ ಬರೆಯಿರಿ: ದಿನ, ಗಂಟೆ, ಜಾಗ, ಅದಕ್ಕೆ ಸ್ವಲ್ಪ ಮುಂಚೆ ಏನು ನಡೆಯಿತು, ಎಷ್ಟು ಹೊತ್ತು, ಆಮೇಲೆ ನೀವೇನು ಮಾಡಿದಿರಿ, ಹಿಂದಿನ ರಾತ್ರಿ ಎಷ್ಟು ನಿದ್ದೆ, ಕಕ್ಕಸಿಗೆ ಹೋದನೇ, ಕೊನೆಯದಾಗಿ ತಿಂದದ್ದು ಎಷ್ಟು ಗಂಟೆಗೆ. ‘ಸುಮ್ಸುಮ್ನೆ ಅತ್ತ’ ಎಂದು ಬರೆದರೆ ಪ್ರಯೋಜನವಿಲ್ಲ. ‘ಕುಕ್ಕರ್ ವಿಷಲ್ ಹೊಡೀತು, ಅದೇ ಹೊತ್ತಿಗೆ ಕರೆಂಟು ಹೋಗಿ ಟಿವಿ ನಿಂತಿತು’ ಎಂದು ಬರೆಯಿರಿ. ವಾರದ ಐದು ದಿನವೂ ಸಂಜೆ ನಾಲ್ಕೂವರೆಗೇ ಆಗುತ್ತಿದ್ದರೆ ಮೊದಲು ಊಟದ ಡಬ್ಬಿ ತೆಗೆದು ನೋಡಿ. ತುಂಬಿದ ಡಬ್ಬಿ ಹಾಗೇ ವಾಪಸ್ ಬಂದಿದ್ದರೆ ಹಸಿವೇ ಅರ್ಧ ಕಾರಣ. ಮನೆ ಮುಟ್ಟಿದ ತಕ್ಷಣ ಹೋಮ್‌ವರ್ಕ್ ಬಿಟ್ಟು ತಿಂಡಿ ಕೊಡಿ, ಅರ್ಧ ಗಂಟೆ ಕತ್ತಲು ಮಾಡಿದ ಕೋಣೆ ಕೊಡಿ. ಹಬ್ಬದ ಹೊಸ ಬಟ್ಟೆ ಹಾಕಿದ ದಿನವೇ ಆಗುತ್ತಿದ್ದರೆ ಕತ್ತಿನ ಲೇಬಲ್ ಕತ್ತರಿಸಿ, ಎರಡು ಸಲ ಒಗೆದು ಗಂಜಿ ಹೋಗಿಸಿ ಹಾಕಿ.

ಮುಂದೆ ಏನಾಗುತ್ತದೆ ಎಂದು ತೋರಿಸಲು ಫೋಟೋ ಕಾರ್ಡು ಮಾಡಿಕೊಳ್ಳಿ. ಅಂತರ್ಜಾಲದ ಬೊಂಬೆ ಚಿತ್ರ ಬೇಡ. ನಿಮ್ಮದೇ ಬಸ್ಸು, ನಿಮ್ಮದೇ ಬಚ್ಚಲು, ಅವನದೇ ತಟ್ಟೆಯ ಫೋಟೋ ಫೋನಿನಲ್ಲಿ ತೆಗೆದು ಸ್ಟುಡಿಯೋದಲ್ಲಿ ಪ್ರಿಂಟ್ ಹಾಕಿಸಿ ಲ್ಯಾಮಿನೇಷನ್ ಮಾಡಿಸಿ. ಒಂದು ರಟ್ಟಿನ ಮೇಲೆ ಎಡಗಡೆ ‘ಮೊದಲು’, ಬಲಗಡೆ ‘ಆಮೇಲೆ’: ಮೊದಲು ಬಸ್ಸು, ಆಮೇಲೆ ಅಜ್ಜಿ ಮನೆ. ಎರಡೇ ಚಿತ್ರ, ಒಂದೇ ಸಲಕ್ಕೆ ಎಂಟು ಅಂಟಿಸಿದರೆ ನೋಡುವುದೇ ಇಲ್ಲ. ಇದರ ಜೊತೆ, ಹೊರಗೆ ಹೋಗಬೇಕೆನಿಸಿದಾಗ ಅವನು ನಿಮ್ಮ ಕೈಗೆ ಕೊಡಲು ‘ಹೊರಗೆ’ ಎಂಬ ಒಂದು ಕಾರ್ಡು ಇರಲಿ. ಮನೆಯಲ್ಲಿ ಶಾಂತವಾಗಿರುವಾಗ ದಿನಕ್ಕೆ ಹತ್ತು ಸಲ ಆಟದಂತೆ ಅಭ್ಯಾಸ ಮಾಡಿಸಿ: ಕಾರ್ಡು ಕೊಟ್ಟ, ತಕ್ಷಣ ಕೈಹಿಡಿದು ಅಂಗಳಕ್ಕೆ ಹೋದಿರಿ. ಮೊದಲ ಕೆಲವು ವಾರ ಎಲ್ಲಿ ಕೊಟ್ಟರೂ ಮಾತಿಗೆ ತಪ್ಪಬೇಡಿ. ಊಟದ ಎಲೆ ಮುಂದಿದ್ದರೂ ಎದ್ದು ನಡೆಯಿರಿ. ಕಾರ್ಡು ಕೆಲಸ ಮಾಡಲ್ಲ ಎನ್ನುವವರಲ್ಲಿ ಎಷ್ಟೋ ಮಂದಿ ಅದನ್ನು ಮೊದಲ ಸಲ ತೋರಿಸಿದ್ದೇ ಕಿರುಚಾಟದ ನಡುವೆ.

ಮದುವೆಗೆ ಹೋಗಲೇಬೇಕು ಎಂದಾದರೆ ಮುಹೂರ್ತಕ್ಕೆ ಹೋಗಬೇಡಿ. ಗಟ್ಟಿಮೇಳ ಒಮ್ಮೆಲೇ ಏರುವುದು, ಎಲ್ಲರೂ ಎದ್ದು ಅಕ್ಷತೆ ಎರಚುವುದು ಆಗಲೇ. ಅದು ಕಳೆದ ಮೇಲೆ ಹೋಗಿ, ಸ್ಪೀಕರಿಗೂ ಜನರೇಟರಿಗೂ ದೂರ, ಬಾಗಿಲ ಪಕ್ಕ ಕೂತು ಇಪ್ಪತ್ತು ನಿಮಿಷಕ್ಕೆ ಹೊರಡಿ. ಹೋದ ಕೂಡಲೇ ಸುಮ್ಮನೆ ಕೂರಲು ಒಂದು ಜಾಗ ನೋಡಿಟ್ಟುಕೊಳ್ಳಿ, ಕಾರು, ಹಿತ್ತಲು, ಯಾವುದಾದರೂ ರೂಮು. ಊಟ ಮನೆಯಿಂದಲೇ ತನ್ನಿ. ಎಲ್ಲಕ್ಕಿಂತ ಮುಖ್ಯ, ಹುಡುಗನನ್ನು ನೋಡಿಕೊಳ್ಳುವವರಿಗೆ ಮುಯ್ಯಿ ಮಾಡುವ, ನೆಂಟರನ್ನು ಮಾತಾಡಿಸುವ ಕೆಲಸ ಇರಬಾರದು. ಆ ಎರಡೂ ಕೆಲಸ ಒಬ್ಬಳೇ ತಾಯಿಯ ತಲೆ ಮೇಲೆ ಬಿದ್ದಾಗಲೇ ಸೂಚನೆಗಳು ಕಣ್ಣಿಗೆ ಬೀಳದೆ ಹೋಗುವುದು. ನಂದಿಯ ಶಿವರಾತ್ರಿ ರಥೋತ್ಸವದಂಥ ಕಡೆಗೆ, ಅಲ್ಲಿ ಹೊರಬರುವ ದಾರಿಯೇ ಇರುವುದಿಲ್ಲವಾದ್ದರಿಂದ, ಸದ್ಯಕ್ಕೆ ಬೇಡ. ತೇರು ಕಳೆದು ಭೋಗನಂದೀಶ್ವರನ ಪ್ರಾಂಗಣದಲ್ಲಿ ಜನ ಕಡಿಮೆಯಾದ ಮೇಲೆ ಕರೆದುಕೊಂಡು ಹೋಗಿ.

ಸದ್ದು ತಡೆಯಲು ಕಾರ್ಖಾನೆಯಲ್ಲಿ ಬಳಸುವ ಇಯರ್‌ಮಫ್ ಹಾರ್ಡ್‌ವೇರ್ ಅಂಗಡಿಗಳಲ್ಲಿ ಸಿಗುತ್ತದೆ. ಮಕ್ಕಳ ಅಳತೆಯದು ಆನ್‌ಲೈನಿನಲ್ಲಿ. ಮೊದಲ ದಿನವೇ ಮದುವೆ ಮನೆಯಲ್ಲಿ ಹಾಕಿದರೆ ಕಿತ್ತೆಸೆಯುತ್ತಾನೆ. ಮನೆಯಲ್ಲಿ ಇಷ್ಟದ ಆಟ ಆಡುವಾಗ ಎರಡು ನಿಮಿಷದಿಂದ ಶುರುಮಾಡಿ. ಇಡೀ ದಿನ ಹಾಕಿಡಬೇಡಿ, ಕಿವಿ ಇನ್ನೂ ಸೂಕ್ಷ್ಮವಾಗಬಹುದು. ಮಗುವನ್ನು ಸಮಾಧಾನ ಮಾಡುತ್ತದೆ ಎಂದು ಮಾರುವ ಭಾರದ ಕಂಬಳಿಗೆ ದುಡ್ಡು ಸುರಿಯುವ ಮುಂಚೆ ಯೋಚಿಸಿ: ಅದರ ಗುಣಕ್ಕೆ ಆಧಾರ ಗಟ್ಟಿಯಾಗಿಲ್ಲ, ಮಗು ತಾನೇ ತಳ್ಳಲಾಗದಷ್ಟು ಭಾರವಿದ್ದರೆ ಅಪಾಯ. ಚಪಾತಿ ಹಿಟ್ಟು ನಾದಿಸುವುದು, ಅರ್ಧ ಬಕೆಟ್ ನೀರು ಹೊರಿಸುವುದು, ಸೀರೆ ಜೋಲಿಯಲ್ಲಿ ತೂಗುವುದು, ಇವಕ್ಕೆ ಕಾಸೂ ಬೇಡ. ಶಾಲೆಯಿಂದ ಬಂದು ತಿಂಡಿ ತಿಂದ ಮೇಲೆ ಹದಿನೈದು ನಿಮಿಷ ಮಾಡಿಸಿ ನೋಡಿ.

ಬಸ್‌ಸ್ಟ್ಯಾಂಡಿನಲ್ಲಿ ಜನ ಮೂರ್ಛೆ ಎಂದುಕೊಂಡು ಕೈಗೆ ಕಬ್ಬಿಣ ಕೊಡಲು ಬರುತ್ತಾರೆ. ‘ಆಟಿಸಂ ಇದೆ, ಸ್ವಲ್ಪ ಹೊತ್ತಿಗೆ ಸರಿಹೋಗ್ತಾನೆ, ದಯವಿಟ್ಟು ಜಾಗ ಬಿಡಿ’ ಎಂದು ಬರೆದ ಚೀಟಿ ಪರ್ಸಿನಲ್ಲಿರಲಿ. ಆ ಗಲಾಟೆಯಲ್ಲಿ ಬಾಯಲ್ಲಿ ಹೇಳುವುದಕ್ಕಿಂತ ತೋರಿಸುವುದು ಸುಲಭ. ಆದರೆ ಆಟಿಸಂ ಇರುವ ಮಕ್ಕಳಲ್ಲಿ ಮೂರ್ಛೆರೋಗ ಉಳಿದವರಿಗಿಂತ ಹೆಚ್ಚು ಎಂಬುದೂ ನಿಜ. ಕರೆದರೆ ಎಚ್ಚರವೇ ಇಲ್ಲ, ಕಣ್ಣು ಮೇಲೆ ಸಿಕ್ಕಿಕೊಂಡಿದೆ, ಕೈಕಾಲು ಒಂದೇ ಲಯದಲ್ಲಿ ಅದುರುತ್ತಿದೆ ಎಂದರೆ ಅದು ಮೆಲ್ಟ್‌ಡೌನ್ ಆಗಿರಲಾರದು. ಪಕ್ಕಕ್ಕೆ ಮಲಗಿಸಿ, ಬಾಯಿಗೆ ಏನೂ ಹಾಕಬೇಡಿ, ಐದು ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ.

ಮೊದಲು ತಿಂಗಳಿಗೊಮ್ಮೆ ಆಗುತ್ತಿದ್ದದ್ದು ಇದ್ದಕ್ಕಿದ್ದಂತೆ ದಿನವೂ ಆಗತೊಡಗಿದರೆ ನೋವು ಹುಡುಕಿ. ಹುಳುಕು ಹಲ್ಲು, ಕಿವಿ ಸೋರುವುದು, ಮಲಬದ್ಧತೆ, ಇವು ಮೂರೂ ಮಾತು ಬಾರದ ಮಕ್ಕಳಲ್ಲಿ ತಿಂಗಳುಗಟ್ಟಲೆ ಪತ್ತೆಯಾಗದೆ ಉಳಿಯುವುದುಂಟು. ಮಕ್ಕಳ ಡಾಕ್ಟರಿಗೆ ತೋರಿಸಿ. ಜಿಲ್ಲಾಸ್ಪತ್ರೆಯಲ್ಲಿ ಮಕ್ಕಳ ಬೆಳವಣಿಗೆಯ ತೊಂದರೆ ನೋಡುವ ಶೀಘ್ರ ಪತ್ತೆ ಮತ್ತು ಚಿಕಿತ್ಸಾ ಕೇಂದ್ರ (ಡಿಇಐಸಿ) ಎಲ್ಲಿದೆ ಎಂದು ವಿಚಾರಿಸಿ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಮಕ್ಕಳ ಮನೋವೈದ್ಯ ವಿಭಾಗವಿದೆ. ತಲೆ ಚಚ್ಚಿಕೊಂಡು ಗಾಯವಾಗುವಷ್ಟು ತೀವ್ರವಾದರೆ ರಿಸ್ಪೆರಿಡೋನ್, ಅರಿಪಿಪ್ರಜೋಲ್ ಎಂಬ ಔಷಧಿ ಬರೆಯುವುದುಂಟು. ಅವು ಸಿಡಿಮಿಡಿ ತಗ್ಗಿಸುತ್ತವೆ, ಆಟಿಸಂ ಗುಣಪಡಿಸುವುದಿಲ್ಲ. ಹಸಿವೂ ತೂಕವೂ ಏರುವುದರಿಂದ ತೂಕ ನೋಡಿಸುತ್ತಿರಬೇಕು, ನೀವಾಗಿಯೇ ನಿಲ್ಲಿಸಬಾರದು. ನಿಮಗೇ ತಲೆ ಕೆಟ್ಟಂತಾಗಿ, ಮಗುವಿನ ಮೇಲೆ ಕೈ ಎತ್ತುವ ಹಂತ ಬಂದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಬಹುದು. ದುಡ್ಡು ಬೇಡ, ಕನ್ನಡದಲ್ಲೇ ಮಾತಾಡಬಹುದು.

ಡಾಕ್ಟರ ಹತ್ತಿರ ಹೋಗುವಾಗ ಆ ಎರಡು ವಾರದ ನೋಟ್‌ಬುಕ್ ಒಯ್ಯಿರಿ. ಸಾಧ್ಯವಾದರೆ ಎರಡನೆಯವರು ದೂರದಿಂದ ಅರ್ಧ ನಿಮಿಷ ವಿಡಿಯೋ ತೆಗೆದಿಟ್ಟುಕೊಂಡಿರಲಿ. ‘ಕಿರುಚ್ತಾನೆ ಸಾರ್’ ಎಂಬ ಮಾತಿಗಿಂತ ಅದರಲ್ಲಿ ಡಾಕ್ಟರಿಗೆ ಹೆಚ್ಚು ಕಾಣುತ್ತದೆ. ಡಾಕ್ಟರಿಗೆ ತೋರಿಸಿದ ಮೇಲೆ ಅಳಿಸಿಬಿಡಿ, ನೆಂಟರ ವಾಟ್ಸಾಪ್ ಗ್ರೂಪಿಗೆ ಮಾತ್ರ ಹಾಕಬೇಡಿ.