ಮೋಡದೊಳಗೆ ಕಿವಿಯನ್ನು ನಂಬಬೇಡಿ

ಚಿಕ್ಕ ವಿಮಾನ ಹಾರಿಸಲು ಕಲಿತವರು ಮೊದಲು ಕಣ್ಣಳತೆಯಲ್ಲೇ ಹಾರಿಸುತ್ತಾರೆ. ದೂರದ ದಿಗಂತ ಓರೆಯಾಗಿ ಕಂಡರೆ ವಿಮಾನ ವಾಲಿದೆ ಅಂತ ಗೊತ್ತಾಗುತ್ತದೆ. ಮೋಡ ಹೊಕ್ಕರೆ ದಿಗಂತವೇ ಇಲ್ಲ, ಸುತ್ತ ಬರೀ ಬಿಳಿ. 1954ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದವರು ಇದಕ್ಕೆ ತರಬೇತಿಯಿಲ್ಲದ 20 ಜನರಿಗೆ ಹೊರಗಿನದೇನೂ ಕಾಣದಂತೆ ಮಾಡಿ ವಿಮಾನ ಹಾರಿಸಲು ಕೊಟ್ಟರು. ಇಪ್ಪತ್ತೂ ಜನರಿಗೆ ವಿಮಾನ ಕೈತಪ್ಪಿತು. ಸರಾಸರಿ 178 ಸೆಕೆಂಡಿನಲ್ಲಿ!

ಹೀಗೇಕೆ? ಮೋಸ ಮಾಡುವುದು ಕಿವಿ. ಒಳಕಿವಿಯಲ್ಲಿ ದ್ರವ ತುಂಬಿದ ಮೂರು ಪುಟ್ಟ ಕೊಳವೆಗಳಿವೆ. ತಲೆ ತಿರುಗಿದರೆ ಕೊಳವೆ ತಿರುಗುತ್ತದೆ, ದ್ರವ ಹಿಂದೆ ಉಳಿಯುತ್ತದೆ. ಆ ವ್ಯತ್ಯಾಸವೇ ಮೆದುಳಿಗೆ ಸುದ್ದಿ. ಆದರೆ ನೀರಿನ ಚೊಂಬನ್ನು ಒಂದೇ ಸಮ ತಿರುಗಿಸುತ್ತಿದ್ದರೆ ಸ್ವಲ್ಪ ಹೊತ್ತಿಗೆ ನೀರೂ ಜೊತೆಗೇ ಸುತ್ತತೊಡಗುತ್ತದೆ, ಅಲ್ವಾ? ಕಿವಿಯಲ್ಲೂ ಹತ್ತಿಪ್ಪತ್ತು ಸೆಕೆಂಡಿನಲ್ಲಿ ಅದೇ ಆಗುತ್ತದೆ. ಎಡಕ್ಕೆ ತಿರುಗುತ್ತಲೇ ಇರುವ ಪೈಲಟ್‌ಗೆ ನೇರ ಹೋಗುತ್ತಿದ್ದೇನೆ ಅನ್ನಿಸುತ್ತದೆ. ವಿಮಾನವನ್ನು ನಿಜವಾಗಿ ನೇರ ಮಾಡಿದರೆ ಬಲಕ್ಕೆ ವಾಲಿದಂತೆ ಅನ್ನಿಸಿ, ಮತ್ತೆ ಎಡಕ್ಕೇ ವಾಲಿಸುತ್ತಾನೆ. 1999ರ ಜುಲೈ 16ರ ರಾತ್ರಿ ಅಮೆರಿಕದ ಅಧ್ಯಕ್ಷರಾಗಿದ್ದ ಕೆನಡಿಯವರ ಮಗ ಜಾನ್ ಎಫ್. ಕೆನಡಿ ಜೂನಿಯರ್ ಹಾರಿಸುತ್ತಿದ್ದ ವಿಮಾನ ಸಮುದ್ರಕ್ಕೆ ಬಿದ್ದದ್ದೂ ದಿಕ್ಕಿನ ಅಂದಾಜು ತಪ್ಪಿಯೇ ಎಂದು ತನಿಖೆ ಹೇಳಿತು. ಅಂದು ಮಬ್ಬು ಕವಿದಿತ್ತು, ಕೆಳಗೆ ಕಪ್ಪು ನೀರು. ಅವರಿಗೆ ಇನ್‌ಸ್ಟ್ರುಮೆಂಟ್ ರೇಟಿಂಗ್ ಇರಲಿಲ್ಲ.

ಮೋಡದೊಳಗೆ ಉಪಕರಣಗಳನ್ನಷ್ಟೇ ನಂಬಿ ಹಾರಿಸಲು ಸಿಗುವ ಪರವಾನಗಿಯೇ ಈ ರೇಟಿಂಗ್. ಅಮೆರಿಕದ ಸಾಮಾನ್ಯ ನಿಯಮದ ಪ್ರಕಾರ ಇದಕ್ಕೆ ಒಂದು ಊರಿಂದ ಇನ್ನೊಂದು ಊರಿಗೆ ತಾನೇ ಹೊಣೆ ಹೊತ್ತು ಹಾರಿಸಿದ 50 ಗಂಟೆ ಬೇಕು. ಉಪಕರಣ ನೋಡಿ ಹಾರಿಸಿದ 40 ಗಂಟೆ ಬೇಕು. ಅದರಲ್ಲಿ ಕನಿಷ್ಠ 15 ಗಂಟೆ ಅರ್ಹ ಇನ್‌ಸ್ಟ್ರಕ್ಟರ್ ಜೊತೆ. ಸ್ವಲ್ಪ ಭಾಗವನ್ನು ಸಿಮ್ಯುಲೇಟರ್‌ನಲ್ಲಿ ಮುಗಿಸಬಹುದು. ಜೊತೆಗೆ 250 ನಾಟಿಕಲ್ ಮೈಲಿಯ ಒಂದು ದೊಡ್ಡ ಸುತ್ತು, ಅದರಲ್ಲಿ ಮೂರು ಬೇರೆ ಬೇರೆ ಬಗೆಯಲ್ಲಿ ರನ್‌ವೇ ಕಡೆ ಇಳಿದು ತೋರಿಸಬೇಕು. ಹವಾಮಾನ, ನಕ್ಷೆ, ನಿಯಮಗಳ ಲಿಖಿತ ಪರೀಕ್ಷೆ ಬೇರೆ.

ಇದರಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯ ಅನ್ನಿಸುವ ಪಾಠ ಒಂದಿದೆ. ಶಿಷ್ಯ ಕಣ್ಣು ಮುಚ್ಚಿ ತಲೆ ತಗ್ಗಿಸುತ್ತಾನೆ. ಇನ್‌ಸ್ಟ್ರಕ್ಟರ್ ವಿಮಾನವನ್ನು ಆಚೀಚೆ ವಾಲಿಸಿ, ಏರಿಸಿ, ಇಳಿಸಿ, ವಕ್ರವಾಗಿ ನಿಲ್ಲಿಸಿ, ಈಗ ನಿನ್ನ ಕೈಗೆ ಅನ್ನುತ್ತಾರೆ. ಕಣ್ಣು ಬಿಟ್ಟರೆ ವೇಗದ ಮುಳ್ಳು ಓಡುತ್ತಿದೆ, ಎತ್ತರದ ಮುಳ್ಳು ಇಳಿಯುತ್ತಿದೆ. ಕೈ ಸಹಜವಾಗಿ ಮೂತಿ ಎತ್ತಲು ಹೋಗುತ್ತದೆ. ಅದೇ ತಪ್ಪು. ರೆಕ್ಕೆ ವಾಲಿರುವಾಗ ಎಳೆದರೆ ಸುತ್ತು ಇನ್ನೂ ಬಿಗಿಯಾಗುತ್ತದೆ. ಮೊದಲು ಎಂಜಿನ್ ಶಕ್ತಿ ಕಮ್ಮಿ ಮಾಡಬೇಕು, ಆಮೇಲೆ ರೆಕ್ಕೆ ಸಮ ಮಾಡಬೇಕು, ಕೊನೆಗೆ ಮೂತಿ ಎತ್ತಬೇಕು. ಈ ಕ್ರಮ ಯೋಚಿಸದೆ ಬರುವವರೆಗೂ ಮಾಡಿಸುತ್ತಾರೆ. ಕೆಲವೊಮ್ಮೆ ಮುಖ್ಯ ಉಪಕರಣಗಳನ್ನೇ ಮುಚ್ಚಿ, ಉಳಿದವುಗಳಿಂದ ನಿಭಾಯಿಸು ಅನ್ನುತ್ತಾರೆ.

ಒಂದು ಮಾತು ಮಾತ್ರ ನನಗೆ ಒಪ್ಪಿಗೆಯಿಲ್ಲ. ಆ 40 ಗಂಟೆಯಲ್ಲಿ ಒಂದು ನಿಮಿಷವೂ ನಿಜವಾದ ಮೋಡದಲ್ಲಿ ಇರಲೇಬೇಕೆಂದಿಲ್ಲ. ಹೊರಗಿನದು ಕಾಣದಂತೆ ಹಣೆಗೆ ಮರೆ ಕಟ್ಟಿಕೊಂಡು ಪೂರ್ತಿ ಮುಗಿಸಬಹುದು. ಆದರೆ ಮರೆಯ ಅಂಚಿನಿಂದ ಬೆಳಕು ಇಣುಕುತ್ತದೆ. ವಿಮಾನ ತಿರುಗಿದಾಗ ಬಿಸಿಲು ಪ್ಯಾನೆಲ್ ಮೇಲೆ ಸರಿಯುತ್ತದೆ. ಬೇಕೆಂದಾಗ ಮರೆ ತೆಗೆಯಬಹುದು ಅನ್ನುವ ಧೈರ್ಯವೂ ಇರುತ್ತದೆ. ಮೋಡದಲ್ಲಿ ಈ ಮೂರೂ ಇಲ್ಲ. ಕೆಲವು ಗಂಟೆಯಾದರೂ ಇನ್‌ಸ್ಟ್ರಕ್ಟರ್ ಪಕ್ಕದಲ್ಲಿರುವಾಗಲೇ ನಿಜವಾದ ಮೋಡ ಹೊಕ್ಕು ಬರುವುದನ್ನು ಕಡ್ಡಾಯ ಮಾಡಬೇಕು.

ಕೊನೆಯ ಪರೀಕ್ಷೆಯಲ್ಲಿ ಸುಮ್ನೆ ಬಿಡುವುದಿಲ್ಲ. ಹೇಳಿದ ಎತ್ತರಕ್ಕಿಂತ 100 ಅಡಿ, ದಿಕ್ಕಿಗಿಂತ 10 ಡಿಗ್ರಿ, ವೇಗಕ್ಕಿಂತ 10 ನಾಟ್‌ಗಿಂತ ಜಾಸ್ತಿ ಆಚೀಚೆ ಆಗಬಾರದು. ಪಾಸಾದರೂ ಅಭ್ಯಾಸ ಬಿಡುವಂತಿಲ್ಲ. ಹಿಂದಿನ 6 ತಿಂಗಳಲ್ಲಿ ಉಪಕರಣ ನೋಡಿಕೊಂಡು 6 ಸಲ ರನ್‌ವೇ ಕಡೆ ಇಳಿದಿರಬೇಕು. ಆಕಾಶದಲ್ಲಿ ಕಾಯುತ್ತಾ ಸುತ್ತುವುದನ್ನೂ, ದಾರಿ ಹಿಡಿದು ಹೋಗುವುದನ್ನೂ ಮಾಡಿರಬೇಕು. ತಪ್ಪಿದರೆ ಅಭ್ಯಾಸ ಮಾಡಿ ಸರಿಪಡಿಸಿಕೊಳ್ಳಲು ಇನ್ನೂ 6 ತಿಂಗಳಿದೆ. ಅದೂ ದಾಟಿತೋ, ಅರ್ಹರೊಬ್ಬರು ಹೊಸದಾಗಿ ಪರೀಕ್ಷಿಸಿ ಸಹಿ ಹಾಕುವವರೆಗೆ ತನ್ನ ಹೊಣೆಯಲ್ಲಿ ಮೋಡದೊಳಗೆ ಹೋಗುವಂತಿಲ್ಲ.