ದೇವತೆ ಎಂದರೆ ಹೆಣ್ಣು ದೇವರೇ?

ಕೋಲಾರದ ಸುತ್ತಲಿನ ಹಳ್ಳಿಗಳ ಜಾತ್ರೆಯ ಕರಪತ್ರಗಳಲ್ಲಿ ‘ಗ್ರಾಮದೇವತೆ ಶ್ರೀ ಸಪ್ಪಲಮ್ಮ’, ‘ಗ್ರಾಮದೇವತೆ ಶ್ರೀ ಗಂಗಮ್ಮ’ ಎಂದು ಅಚ್ಚಾಗಿರುತ್ತದೆ. ಅದೇ ರಾತ್ರಿ ಗುಡಿಯ ಮುಂದೆ ಹರಿಕಥೆ ದಾಸರು ‘ದೇವತೆಗಳೂ ಅಸುರರೂ ಸೇರಿ ಹಾಲ್ಗಡಲನ್ನು ಕಡೆದರು’ ಎನ್ನುತ್ತಾರೆ. ಕರಪತ್ರದ ದೇವತೆ ಊರ ತಾಯಿ. ಹರಿಕಥೆಯ ದೇವತೆಗಳು ಇಂದ್ರ, ಅಗ್ನಿ, ವಾಯು, ವರುಣರು. ಒಂದೇ ಪದಕ್ಕೆ ಈ ಎರಡು ಮುಖ ಬಂದದ್ದು ಹೇಗೆ?

ಬೇರು ‘ದಿವ್’, ಅಂದರೆ ಹೊಳೆಯುವುದು. ದಿವ್ಯ, ದಿವಸ ಅದೇ ಬಳ್ಳಿಯವು. ಲ್ಯಾಟಿನ್ ಭಾಷೆಯ ‘ದೇಉಸ್’ ದೂರದ ನೆಂಟ. ದೇವ ಪದಕ್ಕೆ ‘ತಲ್’ ಪ್ರತ್ಯಯ ಸೇರಿ ‘ದೇವತಾ’ ಆಯಿತು, ಕನ್ನಡದಲ್ಲಿ ದೇವತೆ. ಸರಳತೆ, ಮಾನವತೆಗಳಲ್ಲಿರುವುದೂ ಇದೇ ಪ್ರತ್ಯಯ. ಅಲ್ಲಿ ಅದು ಗುಣವನ್ನು ಹೇಳುತ್ತದೆ. ದೇವ ಪದಕ್ಕೆ ಸೇರಿದಾಗ ಮಾತ್ರ ಅರ್ಥ ಬದಲಾಗುವುದಿಲ್ಲ. ಇದಕ್ಕೆಂದೇ ಸಂಸ್ಕೃತ ವ್ಯಾಕರಣಕಾರ ಪಾಣಿನಿ ‘ದೇವಾತ್ತಲ್’ ಎಂಬ ಸೂತ್ರ ಬರೆದ. ಆದರೆ ತಲ್ ಸೇರಿದ ಪದ ಸಂಸ್ಕೃತದಲ್ಲಿ ಸ್ತ್ರೀಲಿಂಗವಾಗಿಬಿಡುತ್ತದೆ. ವೇದದ ಪದಗಳ ಅರ್ಥ ಬಿಡಿಸುವ ಹಳೆಯ ಗ್ರಂಥ, ಯಾಸ್ಕನ ನಿರುಕ್ತದಲ್ಲಿ ‘ಯೋ ದೇವಃ ಸಾ ದೇವತಾ’ ಎಂಬ ಮಾತಿದೆ. ಪದಕ್ಕೆ ಪದ ಇಟ್ಟರೆ, ‘ಯಾವನು ದೇವನೋ ಅವಳೇ ದೇವತೆ’! ನನಗೆ ಬಹಳ ಇಷ್ಟವಾದ ವಾಕ್ಯ ಇದು.

ಹೀಗಾಗಿಯೇ ಗಾಯತ್ರಿ ಮಂತ್ರಕ್ಕೆ ‘ಸವಿತಾ ದೇವತಾ’ ಎನ್ನುವಾಗ ಸೂರ್ಯದೇವನಾದ ಸವಿತೃ ಹೆಣ್ಣಾಗುವುದಿಲ್ಲ. ಸಂಸ್ಕೃತದ ಲಿಂಗ ಪದಕ್ಕೆ ಅಂಟಿದ್ದು, ವ್ಯಕ್ತಿಗಲ್ಲ. ಹೆಂಡತಿ ಎಂಬ ಅರ್ಥದ ‘ದಾರ’ ಅಲ್ಲಿ ಪುಲ್ಲಿಂಗ. ಕನ್ನಡದ ದಾರಿ ಬೇರೆ: ಹೆಣ್ಣಾದರೆ ಬಂದಳು, ಗಂಡಾದರೆ ಬಂದನು. ಇಲ್ಲಿಗೆ ಬಂದ ‘ದೇವತೆ’ ಅದಕ್ಕೇ ಎರಡಾಗಿ ಒಡೆಯಿತೆಂದು ನನ್ನ ತಿಳಿವಳಿಕೆ. ‘ದೇವತೆಗಳು’ ಎಂಬ ಬಹುವಚನ ಪುರಾಣದ ಹಳೆಯ ಅರ್ಥವನ್ನು ಉಳಿಸಿಕೊಂಡಿತು. ಏಕವಚನ ತಾಯಂದಿರ ಪಾಲಾಯಿತು. ಇದನ್ನು ತಪ್ಪು ಬಳಕೆ ಎಂದು ತಿದ್ದುವವರನ್ನು ನಾನು ಒಪ್ಪುವುದಿಲ್ಲ. ಸಪ್ತಮಾತೃಕೆಯರಿರುವ ಕೋಲಾರಮ್ಮನ ಗುಡಿಯ ಊರಿನಲ್ಲಿ, ಚೇಳಿನ ದೇವತೆ ಚೇಳಮ್ಮನಿಗೂ ಕಾಣಿಕೆ ಹಾಕುವ ಜನರ ನಡುವೆ, ದೇವತೆ ಎಂದೊಡನೆ ಅಮ್ಮನೇ ಕಣ್ಣಿಗೆ ಬರುವುದು ಸಹಜ.

ಹೆಣ್ಣೆಂದೇ ಖಚಿತವಾಗಿ ಹೇಳಬೇಕಾದರೆ ‘ದೇವಿ’ ಇದೆ. ‘ದೇವರು’ ಎಂಬುದು ದೇವ ಪದಕ್ಕೆ ಕನ್ನಡದ ಗೌರವದ ಬಹುವಚನ ಹತ್ತಿ ಆದದ್ದು. ಅದು ಇಬ್ಬರಿಗೂ ಸಲ್ಲುತ್ತದೆ.

ದೇವ ಪದಕ್ಕೆ ಯಾಸ್ಕ ಕೊಡುವ ನಿರ್ವಚನಗಳಲ್ಲಿ, ಅಂದರೆ ಪದ ಹುಟ್ಟಿದ ಬಗೆಯ ವಿವರಣೆಗಳಲ್ಲಿ, ಕೊಡುವುದರಿಂದ ದೇವ, ಬೆಳಗುವುದರಿಂದ ದೇವ ಎಂಬ ಎರಡೂ ಇವೆ. ನಮ್ಮ ಕಡೆ ಹೆಂಗಸರು ತಂಬಿಟ್ಟಿನ ದೀಪ ಹೊತ್ತು ಗುಡಿಗೆ ಹೋಗುತ್ತಾರೆ. ದೀಪ ಅಮ್ಮನಿಗೆ ಬೆಳಗುತ್ತದೆ, ತಂಬಿಟ್ಟು ಮನೆಮಂದಿಗೆ ಪ್ರಸಾದವಾಗಿ ಹಿಂತಿರುಗುತ್ತದೆ.