ಬೆಟ್ಟ ಇಳಿಯುವಾಗ ಕಾರನ್ನು ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುತ್ತದೆಯೇ?

ಪ್ರಶ್ನೆ: ನಾನು ಮಂಡ್ಯದವಳು. ಡ್ರೈವಿಂಗ್ ಲೈಸೆನ್ಸ್ ಸಿಕ್ಕಿ ಹೆಚ್ಚು ದಿನವಾಗಿಲ್ಲ. ಮನೆಯವರನ್ನೆಲ್ಲ ಕೂರಿಸಿಕೊಂಡು ಚಾಮುಂಡಿ ಬೆಟ್ಟಕ್ಕೆ ಹೋಗಿಬರಬೇಕೆಂದಿದ್ದೇನೆ. ಬೆಟ್ಟ ಇಳಿಯುವಾಗ ಗಾಡಿಯನ್ನು ನ್ಯೂಟ್ರಲ್‌ಗೆ ಹಾಕಿ ಬರೀ ಬ್ರೇಕಿನಲ್ಲಿ ಇಳಿಸಿದರೆ ಪೆಟ್ರೋಲ್ ಉಳಿಯುತ್ತದೆ, ಎಂಜಿನ್ನಿಗೂ ಹಿತ ಎಂದು ನಮ್ಮ ಮಾವನವರು ಹೇಳುತ್ತಾರೆ. ಅವರು ಬಹಳ ವರ್ಷ ಗಾಡಿ ಓಡಿಸಿದವರು. ಡ್ರೈವಿಂಗ್ ಸ್ಕೂಲಿನವರು ಗೇರಿನಲ್ಲೇ ಇಳಿಸಬೇಕು ಎಂದಿದ್ದರು. ಯಾರ ಮಾತು ಸರಿ?

ಉತ್ತರ: ಗೇರಿನಲ್ಲೇ ಇಳಿಸಿ. ಈಗಿನ ಕಾರುಗಳಲ್ಲಿ ಬೆಟ್ಟ ಇಳಿಯುವಾಗ ನ್ಯೂಟ್ರಲ್‌ಗೆ ಹಾಕಿದರೆ ಪೆಟ್ರೋಲ್ ಉಳಿಯುವ ಬದಲು ಸ್ವಲ್ಪ ಹೆಚ್ಚೇ ಖರ್ಚಾಗುತ್ತದೆ. ಅದಕ್ಕಿಂತ ಗಂಭೀರವಾದ ಸಂಗತಿಯೆಂದರೆ, ಗಾಡಿಯ ಓಟವನ್ನು ಹಿಡಿದಿಡುವ ಬ್ರೇಕ್, ಎಂಜಿನ್ ಎಂಬ ಎರಡು ಶಕ್ತಿಗಳಲ್ಲಿ ಎಂಜಿನ್ನಿನದನ್ನು ನೀವೇ ಬಿಟ್ಟುಕೊಟ್ಟಂತಾಗುತ್ತದೆ. ಹಾಗೆಂದು ನಿಮ್ಮ ಮಾವನವರ ಮಾತನ್ನು ತಿಳಿಯದೆ ಆಡಿದ್ದು ಎಂದು ತಳ್ಳಿಹಾಕುವುದು ನ್ಯಾಯವಲ್ಲ. ಅವರು ಓಡಿಸಿ ಪಳಗಿದ ಗಾಡಿಗಳೇ ಬೇರೆ.

ಪದ್ಮಿನಿ, ಅಂಬಾಸಿಡರ್‌ಗಳ ಕಾಲದಲ್ಲಿ ಎಂಜಿನ್ನಿಗೆ ಪೆಟ್ರೋಲ್ ಉಣಿಸುತ್ತಿದ್ದುದು ಕಾರ್ಬುರೇಟರ್. ಅದು ಎಂಜಿನ್ ಎಳೆದುಕೊಳ್ಳುವ ಗಾಳಿಯ ಸೆಳೆತಕ್ಕೆ ತಕ್ಕಂತೆ ಪೆಟ್ರೋಲನ್ನು ಬಿಡುತ್ತಿತ್ತೇ ಹೊರತು, ಗಾಡಿ ಇಳಿಜಾರಿನಲ್ಲಿದೆ, ಈಗ ಇಂಧನದ ಅಗತ್ಯವೇ ಇಲ್ಲ ಎಂಬುದನ್ನು ಅರಿಯುವ ಏರ್ಪಾಡು ಸಾಮಾನ್ಯವಾಗಿ ಅದರಲ್ಲಿ ಇರಲಿಲ್ಲ. ಗೇರಿನಲ್ಲಿ ಇಳಿಯುವಾಗ ಎಂಜಿನ್ ವೇಗವಾಗಿ ತಿರುಗಿದಷ್ಟೂ ಸ್ವಲ್ಪ ಪೆಟ್ರೋಲ್ ಹೋಗುತ್ತಲೇ ಇತ್ತು. ಆದ್ದರಿಂದ ನ್ಯೂಟ್ರಲ್‌ನಲ್ಲಿ ಉಳಿತಾಯವಾಗುತ್ತದೆ ಎಂಬ ಲೆಕ್ಕಕ್ಕೆ ಆಗ ಒಂದು ಆಧಾರವಿತ್ತು. ಇಂದಿನ ಕಾರುಗಳಲ್ಲಿ ಪೆಟ್ರೋಲನ್ನು ಅಳೆದು ಸಿಂಪಡಿಸುವ ಇಂಜೆಕ್ಟರ್‌ಗಳಿವೆ, ಅವುಗಳನ್ನು ಆಳುವ ಕಂಪ್ಯೂಟರ್ ಇದೆ. ಗಾಡಿ ಗೇರಿನಲ್ಲಿದ್ದು, ನೀವು ಆಕ್ಸಿಲರೇಟರ್‌ನಿಂದ ಕಾಲು ಪೂರ್ತಿಯಾಗಿ ತೆಗೆದಿದ್ದು, ಎಂಜಿನ್ನಿನ ವೇಗ ಐಡ್ಲಿಂಗ್‌ಗಿಂತ (ಗಾಡಿ ನಿಂತಿರುವಾಗ ಎಂಜಿನ್ ತಿರುಗುವ ವೇಗಕ್ಕಿಂತ) ಸಾಕಷ್ಟು ಮೇಲಿದ್ದರೆ, ಆ ಕಂಪ್ಯೂಟರ್ ಇಂಜೆಕ್ಟರ್‌ಗಳನ್ನು ಮುಚ್ಚಿಬಿಡುತ್ತದೆ. ಆ ಹೊತ್ತಿನಲ್ಲಿ ಎಂಜಿನ್ನನ್ನು ತಿರುಗಿಸುವುದು ಇಂಧನವಲ್ಲ, ಕೆಳಗೆ ಉರುಳುತ್ತಿರುವ ಚಕ್ರಗಳು. ಖರ್ಚು ಸೊನ್ನೆ. ನ್ಯೂಟ್ರಲ್‌ಗೆ ಹಾಕಿದೊಡನೆ ಚಕ್ರಕ್ಕೂ ಎಂಜಿನ್ನಿಗೂ ಇದ್ದ ಸಂಬಂಧ ಕಡಿದುಹೋಗಿ, ಎಂಜಿನ್ ಆರಿಹೋಗದಂತೆ ಉರಿಸಲು ಇಂಜೆಕ್ಟರ್‌ಗಳು ಮತ್ತೆ ತೆರೆದುಕೊಳ್ಳಬೇಕಾಗುತ್ತದೆ. ಸಣ್ಣ ಪೆಟ್ರೋಲ್ ಕಾರೊಂದು ಹಾಗೆ ನಿಂತಲ್ಲೇ ಉರಿಯಲು ಗಂಟೆಗೆ ಸುಮಾರು ಅರ್ಧದಿಂದ ಒಂದು ಲೀಟರ್ ಬೇಕು. ಬೆಟ್ಟ ಇಳಿಯಲು ಕಾಲು ಗಂಟೆ ಹಿಡಿಯಿತೆಂದುಕೊಂಡರೂ ಇದು ದೊಡ್ಡ ಮೊತ್ತವೇನಲ್ಲ. ಆದರೆ ಉಳಿಯಿತೆಂದು ಭಾವಿಸಿದ್ದ ಜಾಗದಲ್ಲಿ ಖರ್ಚಾಗಿರುತ್ತದೆ. ನಿಮ್ಮ ಕಾರಿನ ಡ್ಯಾಶ್‌ಬೋರ್ಡಿನಲ್ಲಿ ಆ ಕ್ಷಣದ ಮೈಲೇಜ್ ತೋರಿಸುವ ಸೌಲಭ್ಯವಿದ್ದರೆ, ಗೇರಿನಲ್ಲಿ ಇಳಿಯುವಾಗ ಅದು ತನ್ನ ಗರಿಷ್ಠ ಅಂಕಿಗೆ ಹೋಗಿ ನಿಲ್ಲುವುದನ್ನು ಮಾವನವರಿಗೆ ತೋರಿಸಬಹುದು. ನೋಡುವ ಕೆಲಸ ಮಾತ್ರ ಪಕ್ಕದ ಸೀಟಿನಲ್ಲಿ ಕೂತವರದಾಗಿರಲಿ, ನಿಮ್ಮದಲ್ಲ.

ಒಂದು ಸಂದರ್ಭವನ್ನು ಇಲ್ಲಿ ಒಪ್ಪಿಕೊಳ್ಳಲೇಬೇಕು. ತೀರಾ ಸಣ್ಣ ಇಳುಕಲಿನಲ್ಲಿ, ಗೇರಿನಲ್ಲಿದ್ದರೆ ಎಂಜಿನ್ನಿನ ಹಿಡಿತದಿಂದ ಗಾಡಿ ಬೇಗ ನಿಧಾನವಾಗಿ ಮತ್ತೆ ಆಕ್ಸಿಲರೇಟರ್ ಒತ್ತಬೇಕಾಗುತ್ತದೆ, ನ್ಯೂಟ್ರಲ್‌ನಲ್ಲಾದರೆ ಇನ್ನಷ್ಟು ದೂರ ಉರುಳುತ್ತದೆ. ಅಂಥಲ್ಲಿ ಒಂದಿಷ್ಟು ಹನಿ ಪೆಟ್ರೋಲ್ ಉಳಿಯಬಹುದು. ಆದರೆ ಮೇಲಿನ ಗೇರಿನಲ್ಲೇ ಇದ್ದು ಆಕ್ಸಿಲರೇಟರನ್ನು ಹದವಾಗಿ ಬಳಸಿದರೂ ಆ ಉಳಿತಾಯದ ಬಹುಪಾಲು ಸಿಗುತ್ತದೆ. ಅಡ್ಡ ಬಂದ ಎಮ್ಮೆಯನ್ನೋ ಕಬ್ಬಿನ ಟ್ರ್ಯಾಕ್ಟರನ್ನೋ ತಪ್ಪಿಸಲು ಥಟ್ಟನೆ ವೇಗ ಪಡೆಯಬೇಕಾದಾಗ ಗಾಡಿ ಗೇರಿನಲ್ಲಿರುವುದೇ ಲೇಸು.

ಈಗ ಮುಖ್ಯ ವಿಷಯವಾದ ಬ್ರೇಕಿಗೆ ಬರೋಣ. ಚಾಮುಂಡಿ ಬೆಟ್ಟದ ತುದಿ ಸಮುದ್ರಮಟ್ಟದಿಂದ ಸುಮಾರು 1060 ಮೀಟರ್ ಎತ್ತರದಲ್ಲಿದೆ, ಮೈಸೂರು ನಗರ ಸುಮಾರು 770 ಮೀಟರ್ ಎತ್ತರದಲ್ಲಿ. ಅಂದರೆ ಬೆಟ್ಟದ ರಸ್ತೆಯಲ್ಲಿ ನೀವು 250 ಮೀಟರಿಗೂ ಹೆಚ್ಚು ಕೆಳಗಿಳಿಯುತ್ತೀರಿ. ಜನರೂ ಸೇರಿ 1300 ಕೆ.ಜಿ. ತೂಗುವ ಕಾರೊಂದು ಅಷ್ಟು ಎತ್ತರದಿಂದ ಇಳಿಯುವಾಗ ಬಿಡುಗಡೆಯಾಗುವ ಶಕ್ತಿ, ಸುಮಾರು ಹತ್ತು ಲೀಟರ್ ತಣ್ಣೀರನ್ನು ಕುದಿಯುವ ಹಂತಕ್ಕೆ ತರುವಷ್ಟಿರುತ್ತದೆ. ಇದರಲ್ಲಿ ಒಂದು ಪಾಲನ್ನು ಟೈರುಗಳೂ ಎದುರುಗಾಳಿಯೂ ನುಂಗುತ್ತವೆ. ಉಳಿದ ಪಾಲನ್ನು ಗೇರಿನಲ್ಲಿದ್ದರೆ ಎಂಜಿನ್ ಮತ್ತು ಬ್ರೇಕುಗಳು ಹಂಚಿಕೊಳ್ಳುತ್ತವೆ. ನ್ಯೂಟ್ರಲ್‌ನಲ್ಲಿದ್ದರೆ ಅಷ್ಟೂ ಚಕ್ರದೊಂದಿಗೆ ತಿರುಗುವ ಬ್ರೇಕಿನ ಡಿಸ್ಕು, ಡ್ರಮ್ಮುಗಳ ಮೇಲೆಯೇ ಬೀಳುತ್ತದೆ. ಒಂದೇ ಸಮನೆ ಬ್ರೇಕ್ ತುಳಿದುಕೊಂಡು ಇಳಿದರೆ ಅವುಗಳಿಗೆ ತಣ್ಣಗಾಗಲು ಬಿಡುವೇ ಸಿಗದು.

ಹೀಗೆ ಕಾದ ಬ್ರೇಕು ಎರಡು ರೀತಿಯಲ್ಲಿ ಕೈಕೊಡುತ್ತದೆ. ಮೊದಲನೆಯದು, ಡಿಸ್ಕನ್ನು ಒತ್ತಿ ಹಿಡಿಯುವ ಪ್ಯಾಡುಗಳಲ್ಲಿರುವ ಅಂಟಿನಂಥ ವಸ್ತು ಅತಿಯಾದ ಶಾಖಕ್ಕೆ ಕೆಟ್ಟು ಅನಿಲ ಹೊರಡಿಸಿ, ಪ್ಯಾಡಿಗೂ ಡಿಸ್ಕಿಗೂ ನಡುವಿನ ಹಿಡಿತ ಕುಗ್ಗುವುದು. ಆಗ ಪೆಡಲ್ ಗಟ್ಟಿಯಾಗಿಯೇ ಇರುತ್ತದೆ, ಎಷ್ಟು ಒತ್ತಿದರೂ ಗಾಡಿ ಮಾತ್ರ ನಿಲ್ಲುವುದಿಲ್ಲ. ಎರಡನೆಯದು ಇದಕ್ಕಿಂತ ಭಯಂಕರವಾದದ್ದು: ಚಕ್ರದ ಬಳಿ ಇರುವ ಬ್ರೇಕ್ ಆಯಿಲ್ ಕುದಿದು ಆವಿಯ ಗುಳ್ಳೆಗಳೇಳುವುದು. ದ್ರವವನ್ನು ಒತ್ತಿದರೆ ಅದು ಒತ್ತಡವನ್ನು ಮುಂದಕ್ಕೆ ಸಾಗಿಸುತ್ತದೆ, ಆವಿಯನ್ನು ಒತ್ತಿದರೆ ಅದು ತಾನೇ ಕುಗ್ಗಿಬಿಡುತ್ತದೆ. ಹಾಗಾಗಿ ಪೆಡಲ್ ಮೆತ್ತಗಾಗಿ ನೆಲದವರೆಗೂ ಹೋಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವವನ್ನು ಹೀರಿಕೊಳ್ಳುವ ಗುಣವುಳ್ಳದ್ದೆಂಬುದನ್ನು ಬಹಳ ಮಂದಿ ಗಮನಿಸುವುದಿಲ್ಲ. ಡಾಟ್ 4 ಎಂಬ ದರ್ಜೆಯ ಆಯಿಲ್ ಹೊಸತಾಗಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯದೆ ತಾಳಬೇಕು. ತೇವ ಹೀರಿದ ಮೇಲೆ ಅದೇ ಆಯಿಲಿಗೆ ನಿಗದಿಯಾಗಿರುವ ಮಿತಿ 155 ಡಿಗ್ರಿ ಮಾತ್ರ. ಡಾಟ್ 3 ಆದರೆ ಕ್ರಮವಾಗಿ 205 ಮತ್ತು 140. ಮಂಡ್ಯದಂಥ ಸಮತಟ್ಟಾದ ಊರಿನಲ್ಲಿ ಹಳೆಯ ಆಯಿಲ್ ಹಾಕಿಕೊಂಡು ವರ್ಷಗಟ್ಟಲೆ ಓಡಾಡಿದರೂ ಏನೂ ಆಗದಿರಬಹುದು. ಅದರ ಪರೀಕ್ಷೆ ನಡೆಯುವುದು ಬೆಟ್ಟದ ಇಳಿಜಾರಿನಲ್ಲೇ.

ಚಾಮುಂಡಿ ಬೆಟ್ಟ ಇಂಥ ಪರೀಕ್ಷೆಗಳಲ್ಲಿ ಚಿಕ್ಕದು ಎಂಬುದು ನಿಜ. ಮೈಸೂರಿನಿಂದ ಊಟಿಗೆ ಹೋದವರು ಮಸಿನಗುಡಿಯ ಕಡೆಗಿಳಿಯುವ ಕಲ್ಲಟ್ಟಿ ಘಾಟಿಯನ್ನು ಬಲ್ಲರು. 36 ಹೇರ್‌ಪಿನ್ ತಿರುವುಗಳ ಆ ಕಡಿದಾದ ದಾರಿಯಲ್ಲಿ ಬ್ರೇಕ್ ಕಾದು ಹಿಡಿತ ತಪ್ಪಿ ಪ್ರವಾಸಿಗರ ವಾಹನಗಳು ಅಪಘಾತಕ್ಕೀಡಾದ ಉದಾಹರಣೆಗಳು ಹಲವು. ಇವತ್ತು ಚಾಮುಂಡಿ ಬೆಟ್ಟದಲ್ಲಿ ಕಲಿತ ಅಭ್ಯಾಸವೇ ನಾಳೆ ಅಂಥ ಘಾಟಿಯಲ್ಲಿ ನಿಮ್ಮ ಕೈಕಾಲಿಗೆ ಬರುತ್ತದೆ. ಆದ್ದರಿಂದಲೇ ನಾನು ಈ ಪ್ರಶ್ನೆಗೆ ಇಷ್ಟು ಒತ್ತು ಕೊಡುತ್ತಿದ್ದೇನೆ.

ಇಳಿಸುವ ಕ್ರಮ ಹೀಗೆ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಹೆಚ್ಚು ಕಡಿಮೆ ಅದೇ ಗೇರಿನಲ್ಲಿ ಇಳಿಯಬೇಕು ಎಂಬುದು ಡ್ರೈವರುಗಳ ಹಳೆಯ ನಿಯಮ, ಇಂದಿಗೂ ಸರಿಯಾದ ನಿಯಮ. ಚಾಮುಂಡಿ ಬೆಟ್ಟದಲ್ಲಿ ಸಾಮಾನ್ಯ ಕಾರಿಗೆ ಕಡಿದಾದ ಕಡೆ ಎರಡನೆಯ ಗೇರ್, ಇಳಿಜಾರು ಸಡಿಲವಾದ ಕಡೆ ಮೂರನೆಯ ಗೇರ್ ಸಾಕಾಗುತ್ತದೆ. ಗೇರನ್ನು ಇಳಿಜಾರು ಶುರುವಾಗುವ ಮುನ್ನವೇ ಹಾಕಿಕೊಳ್ಳಿ. ವೇಗ ಏರಿದ ಮೇಲೆ ಕೆಳಗಿನ ಗೇರಿಗೆ ತರಲು ಪರದಾಡುವುದು ಬೇಡ. ಕ್ಲಚ್ಚಿನ ಮೇಲಿಂದ ಕಾಲು ಪೂರ್ತಿ ತೆಗೆದಿಡಿ. ಹೊಸಬರು ಭಯಕ್ಕೆ ಬ್ರೇಕಿನ ಜೊತೆ ಕ್ಲಚ್ಚನ್ನೂ ಒತ್ತಿಕೊಂಡೇ ಇಳಿಯುತ್ತಾರೆ. ಗೇರಿನಲ್ಲಿದ್ದೇವೆ ಎಂದು ಅವರು ತಿಳಿದಿದ್ದರೂ ವಾಸ್ತವದಲ್ಲಿ ಅದು ನ್ಯೂಟ್ರಲ್ಲೇ. ಎಂಜಿನ್ ಹಿಡಿದ ಮೇಲೂ ವೇಗ ಹೆಚ್ಚುತ್ತಿದೆ ಎನಿಸಿದಾಗ, ತಿರುವಿಗೆ ಮೊದಲೇ ಬ್ರೇಕನ್ನು ಗಟ್ಟಿಯಾಗಿ ಒತ್ತಿ, ವೇಗ ಬೇಕಾದಷ್ಟು ಇಳಿದೊಡನೆ ಪೂರ್ತಿ ಬಿಟ್ಟುಬಿಡಿ. ಸ್ವಲ್ಪವೇ ಒತ್ತಿ ಬಹಳ ಹೊತ್ತು ಹಿಡಿದುಕೊಳ್ಳುವುದಕ್ಕಿಂತ ಚೆನ್ನಾಗಿ ಒತ್ತಿ ಬೇಗ ಬಿಡುವುದರಿಂದ, ನಡುನಡುವೆ ಗಾಳಿಯಾಡಿ ಡಿಸ್ಕು ತಣ್ಣಗಾಗಲು ಅವಕಾಶವಾಗುತ್ತದೆ.

ಹೀಗೆ ಇಳಿಯುವಾಗ ಎಂಜಿನ್ ಹೂಂಕರಿಸುತ್ತದೆ. ಆರ್‌ಪಿಎಂ, ಅಂದರೆ ನಿಮಿಷಕ್ಕೆ ಎಂಜಿನ್ ತಿರುಗುವ ಸುತ್ತುಗಳು, ಮೂರು ಸಾವಿರದ ಆಸುಪಾಸಿಗೆ ಹೋಗಬಹುದು. ಎಂಜಿನ್ನಿಗೆ ಹಿತವಲ್ಲ ಎಂಬ ಮಾತು ಬಹುಶಃ ಈ ಸದ್ದಿನಿಂದಲೇ ಹುಟ್ಟಿದೆ. ಸಾಮಾನ್ಯ ಪೆಟ್ರೋಲ್ ಎಂಜಿನ್ ದಾಟಬಾರದ ಮಿತಿಯಾದ ಕೆಂಪು ಗೆರೆ ಆರು ಸಾವಿರದ ಹತ್ತಿರ ಇರುವಾಗ ಮೂರು ಸಾವಿರದಿಂದ ಅದಕ್ಕೆ ಯಾವ ಕೆಡುಕೂ ಇಲ್ಲ. ಕೆಡುಕಾಗುವುದು, ಅತಿ ವೇಗದಲ್ಲಿ ಹೋಗುತ್ತಿರುವಾಗ ನಾಲ್ಕರಿಂದ ಒಮ್ಮೆಲೇ ಒಂದಕ್ಕೆ ತಂದು ಕ್ಲಚ್ ಬಿಟ್ಟರೆ. ಒಂದೊಂದೇ ಗೇರ್ ಇಳಿಸಿದರೆ ಆ ಭಯವಿಲ್ಲ.

ಆಟೋಮ್ಯಾಟಿಕ್ ಗಾಡಿಯವರು ತಮಗಿದು ಅನ್ವಯಿಸದೆಂದು ಭಾವಿಸಬಾರದು. ಡಿ ಸ್ಥಾನದಲ್ಲಿ ಬಿಟ್ಟರೆ ಹಲವು ಗಾಡಿಗಳು ಇಳಿಜಾರಿನಲ್ಲಿ ತಾವಾಗಿಯೇ ಮೇಲಿನ ಗೇರಿಗೆ ಹೋಗಿ ಎಂಜಿನ್ನಿನ ಹಿಡಿತವನ್ನು ಸಡಿಲಿಸುತ್ತವೆ. ಮ್ಯಾನುಯಲ್ ಮೋಡ್ ಇದ್ದರೆ ಅದರಲ್ಲಿ ಎರಡನ್ನು ಆರಿಸಿಕೊಳ್ಳಿ, ಇಲ್ಲವಾದರೆ ಎಲ್ ಅಥವಾ ಎಸ್ ಸ್ಥಾನಕ್ಕೆ ತನ್ನಿ. ಎಲೆಕ್ಟ್ರಿಕ್ ಕಾರಿನಲ್ಲಿ ಮೋಟರೇ ಈ ಕೆಲಸ ಮಾಡುತ್ತಾ ಬ್ಯಾಟರಿಗೆ ಚಾರ್ಜನ್ನೂ ತುಂಬುತ್ತದೆ. ಬ್ಯಾಟರಿ ಪೂರ್ತಿ ತುಂಬಿದ್ದರೆ ಮಾತ್ರ ಆ ಹಿಡಿತ ಕಡಿಮೆಯಾಗುತ್ತದೆ.

ಇನ್ನೊಂದು ದುರಭ್ಯಾಸವಿದೆ, ನೀವು ಕೇಳಿಲ್ಲದಿದ್ದರೂ ಹೇಳಿಬಿಡುತ್ತೇನೆ. ಇನ್ನೂ ಹೆಚ್ಚು ಉಳಿಸುವ ಆಸೆಯಿಂದ ಕೆಲವರು ಇಳಿಜಾರಿನಲ್ಲಿ ಎಂಜಿನ್ನನ್ನೇ ಆಫ್ ಮಾಡುತ್ತಾರೆ. ಬ್ರೇಕ್ ಪೆಡಲ್ ಹಗುರವಾಗಿರುವುದು ಬೂಸ್ಟರಿನ ನೆರವಿನಿಂದ, ಬೂಸ್ಟರ್ ನಡೆಯುವುದು ಹೆಚ್ಚಿನ ಕಾರುಗಳಲ್ಲಿ ಎಂಜಿನ್ನಿನ ನಿರ್ವಾತದಿಂದ. ಎಂಜಿನ್ ನಿಂತ ಮೇಲೆ ಎರಡು ಮೂರು ಸಲ ಒತ್ತುವಷ್ಟು ನೆರವು ಉಳಿದಿರುತ್ತದೆ, ಆಮೇಲೆ ಪೆಡಲ್ ಕಲ್ಲಾಗುತ್ತದೆ. ಪವರ್ ಸ್ಟೇರಿಂಗ್ ಭಾರವಾಗುತ್ತದೆ. ಇಗ್ನಿಷನ್ ಆಫ್ ಆಗಿದ್ದರೆ, ಜೋರಾಗಿ ಬ್ರೇಕ್ ಒತ್ತಿದಾಗ ಚಕ್ರ ಲಾಕ್ ಆಗದಂತೆ ತಡೆಯುವ ಎಬಿಎಸ್ ಕೆಲಸ ಮಾಡದು, ಏರ್‌ಬ್ಯಾಗ್ ತೆರೆದುಕೊಳ್ಳುವ ಭರವಸೆಯೂ ಇಲ್ಲ. ಕೀಲಿಯನ್ನು ಪೂರ್ತಿ ಹಿಂದಕ್ಕೆ ತಿರುಗಿಸಿ ತೆಗೆದರಂತೂ ಸ್ಟೇರಿಂಗೇ ಲಾಕ್ ಆಗಿಬಿಡಬಹುದು. ಹಣ ಕೊಟ್ಟು ಕೊಂಡ ರಕ್ಷಣೆಯನ್ನೆಲ್ಲ ಅತ್ಯಂತ ಅಗತ್ಯವಿರುವ ಹೊತ್ತಿನಲ್ಲಿ ಹೀಗೆ ಕಳೆದುಕೊಳ್ಳಬೇಡಿ ಎಂದು ಕಳಕಳಿಯಿಂದ ಕೇಳಿಕೊಳ್ಳುತ್ತೇನೆ.

ಇಳಿಯುವಾಗ ಸುಟ್ಟ ವಾಸನೆ ಬಂದರೆ, ಪೆಡಲ್ ಎಂದಿಗಿಂತ ಮೆತ್ತಗಾದರೆ, ಅಥವಾ ಒತ್ತಿದಷ್ಟು ಹಿಡಿಯುತ್ತಿಲ್ಲವೆನಿಸಿದರೆ, ಕೆಳಗೆ ಹೋಗಿ ನೋಡೋಣವೆಂದು ಮುಂದುವರಿಯದೆ, ಅಗಲವಾದ ಜಾಗ ಸಿಕ್ಕಿದ ಕಡೆ ನಿಲ್ಲಿಸಿ. ಪೆಡಲ್ ಪೂರ್ತಿ ಕೆಳಗೆ ಹೋದರೆ ಬೇಗ ಬೇಗ ಒತ್ತಿ ಬಿಡುತ್ತಾ ಒತ್ತಡ ಕಟ್ಟಲು ಯತ್ನಿಸಿ, ಒಂದೊಂದೇ ಗೇರ್ ಇಳಿಸಿ, ಹ್ಯಾಂಡ್ ಬ್ರೇಕಿನ ಗುಂಡಿಯನ್ನು ಒತ್ತಿಹಿಡಿದು ನಿಧಾನವಾಗಿ ಎಳೆಯಿರಿ. ಒಮ್ಮೆಲೇ ಎಳೆದರೆ ಹಿಂದಿನ ಚಕ್ರಗಳು ಜಾರಿ ಗಾಡಿ ತಿರುಗಿಬಿಡಬಹುದು. ಹಸಾರ್ಡ್ ಲೈಟ್ ಹಾಕಿ, ಹಾರ್ನ್ ಮಾಡುತ್ತಾ ಗಾಡಿಯನ್ನು ಕಣಿವೆಯ ಬದಿಗಲ್ಲ, ಬೆಟ್ಟದ ಬದಿಗೆ ತನ್ನಿ. ಮಳೆಗಾಲದಲ್ಲಿ ಕಣಿವೆಯ ಬದಿಯ ಅಂಚನ್ನು ನಂಬುವಂತಿಲ್ಲ; 2021ರ ಮಳೆಯಲ್ಲಿ ಇದೇ ಬೆಟ್ಟದ ನಂದಿ ರಸ್ತೆ ಕುಸಿದದ್ದು ನಿಮಗೆ ನೆನಪಿರಬಹುದು. ನಿಂತ ಮೇಲೆ ಮೊದಲನೆಯ ಗೇರ್ ಅಥವಾ ರಿವರ್ಸ್ ಹಾಕಿ, ಚಕ್ರಕ್ಕೆ ಕಲ್ಲು ಕೊಟ್ಟು, ಅರ್ಧ ಗಂಟೆಯಾದರೂ ಹಾಗೇ ಬಿಡಿ. ಕಾದ ಡಿಸ್ಕಿನ ಮೇಲೆ ನೀರು ಸುರಿದರೆ ಅದು ಸೊಟ್ಟಗಾಗಬಹುದು, ಬಿರುಕೂ ಬಿಡಬಹುದು.

ಕಿರಿದಾದ ಕಡೆ ಎದುರಿನಿಂದ ಹತ್ತಿ ಬರುವ ಗಾಡಿಗೆ ಇಳಿಯುವವರೇ ಬದಿಗೆ ನಿಂತು ದಾರಿ ಬಿಡಬೇಕೆಂಬುದು ರಸ್ತೆ ನಿಯಮ. ಎರಡನೆಯ ಗೇರಿನಲ್ಲಿ ಇಳಿಯುತ್ತಿರುವವರಿಗೆ ಅದನ್ನು ಪಾಲಿಸುವುದು ಕಷ್ಟವೇನಲ್ಲ.

ಹೊರಡುವ ಮೊದಲು ನಿಮ್ಮ ಗ್ಯಾರೇಜಿಗೆ ಹೋಗಿ ಬ್ರೇಕ್ ಆಯಿಲನ್ನು ಕಳೆದ ಸಲ ಯಾವಾಗ ಬದಲಿಸಿದ್ದೆಂದು ವಿಚಾರಿಸಿ. ಮಟ್ಟ ನೋಡಿ ಮೇಲಿಂದ ಸ್ವಲ್ಪ ತುಂಬಿಸುವುದು ಬದಲಿಸಿದಂತಲ್ಲ. ಎರಡು ವರ್ಷ ದಾಟಿದ್ದರೆ, ಅಥವಾ ಕಾರಿನ ಕೈಪಿಡಿಯಲ್ಲಿ ಹೇಳಿರುವ ಅವಧಿ ಮುಗಿದಿದ್ದರೆ, ಹಳೆಯದನ್ನು ಪೂರ್ತಿ ತೆಗೆಸಿ ಕೈಪಿಡಿಯಲ್ಲಿರುವ ದರ್ಜೆಯದನ್ನೇ ಹಾಕಿಸಿ, ಪ್ಯಾಡುಗಳು ಎಷ್ಟು ಸವೆದಿವೆಯೆಂದು ಅದೇ ಹೊತ್ತಿಗೆ ನೋಡಿಸಿಕೊಳ್ಳಿ.